ಪಾರ್ಕಿಂಗ್ ಮೈದಾನಕ್ಕೆ ಗಡಿಪಾರಾದವನಿಂದ ಕುಮಾರಿ ಬ್ಯೂಲಾ ಅವರಿಗೆ

ಬ್ರಷಿ ಫೋರ್ಕ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಅದೃಷ್ಟ ತರುವ ಅಧಿಕೃತ ಮಂಗಳಪ್ರಾಣಿಯೂ, ಕೃಷಿ ವಿಭಾಗದ ಹಿಂದಿರುವ ಲಾಯದ ಏಕೈಕ ಒಡತಿಯೂ, ಉದ್ದ ಕಿವಿಗಳಿಗೂ ಅದಕ್ಕಿಂತ ಉದ್ದವಾದ ಮೌನಕ್ಕೂ ಹೆಸರಾದ ಹೇಸರಗತ್ತೆಯೂ ಆದ ಕುಮಾರಿ ಬ್ಯೂಲಾ ಅವರ ಗೊರಸುಗಳ ಸನ್ನಿಧಿಗೆ, ಅದೇ ಊರಿನ ನಿವಾಸಿಯೂ, ಕೌಂಟಿ ನ್ಯಾಯಾಲಯದಲ್ಲಿ ಬಹುಕಾಲ ಪರರ ಅರ್ಜಿಗಳ ನಕಲು ಬರೆದು ನಿವೃತ್ತನಾಗಿ, ಈಗ ಮೊದಲ ಬಾರಿಗೆ ತನ್ನದೇ ಅರ್ಜಿ ಬರೆಯುತ್ತಿರುವವನೂ ಆದ ಹೋಬರ್ಟ್ ಸ್ಟಿಲ್‌ವೆಲ್ ಮಾಡಿಕೊಳ್ಳುವ ಬಹಿರಂಗ ವಿಜ್ಞಾಪನೆ.

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದು ಬಲ್ಲೆ. ವರ್ಷದ ಆಟಗಳೆಲ್ಲ ಮುಗಿದ ಮೇಲೆ ಕರೆ ಬಂದ ಎರಡು ತಂಡಗಳಷ್ಟೇ ಆಡುವ ಕಾಕಂಬಿ ಬೌಲ್ ಎಂಬ ಪಂದ್ಯ ಮುಗಿದಂದಿನಿಂದ ಊರಿನವರು ದಿನವೂ ತಂದು ಸುರಿಯುತ್ತಿರುವ ಸೇಬು, ಕ್ಯಾರೆಟ್ಟುಗಳ ಕೃಪೆಯಿಂದ ತಮ್ಮ ಹೊಟ್ಟೆಯು ಲಾಯದ ಬಾಗಿಲಿನೊಡನೆ ವ್ಯಾಜ್ಯಕ್ಕಿಳಿದಿದೆಯೆಂಬ ಸಂತೋಷದ ಸುದ್ದಿಯೂ ನನಗೆ ತಲುಪಿದೆ. ನಾನು ಮಾತ್ರ ಕ್ಷೇಮವಾಗಿಲ್ಲ. ಇದಕ್ಕೆ ಕಾರಣ ನಮ್ಮ ತಂಡದ ಸೋಲೆಂದು ತಾವು ಭಾವಿಸಬಾರದು. ಸೋಲನ್ನು ಸಹಿಸುವ ಅಭ್ಯಾಸ ನನಗೆ ಯೌವನದಿಂದಲೇ ಮೈಗೂಡಿದೆ. ಕಾರಣ, ಗೆಲುವು.

ಸದರಿ ಗೆಲುವಿನ ಪೂರ್ವಾಪರ ತಮಗೆ ತಿಳಿಯದ್ದೇನಲ್ಲ. ಕಾಕಂಬಿ ಬೌಲಿಗೆ ಕರೆದಿದ್ದ ಬೇರೊಂದು ತಂಡ ಕೊನೆಯ ಗಳಿಗೆಯಲ್ಲಿ ಒಲ್ಲೆನೆಂದದ್ದರಿಂದ, ಹಾಸಿದ ಎಲೆ ಖಾಲಿ ಬಿಡಬಾರದೆಂದು ದಾರಿಯಲ್ಲಿ ಹೋಗುವವರನ್ನು ಕರೆದು ಪಂಕ್ತಿಗೆ ಕೂರಿಸುವಂತೆ ನಮ್ಮ ಹುಡುಗರನ್ನು ಕರೆದು ಕೂರಿಸಿದರು. ಎದುರಾಳಿಯಾದರೋ ಗಲ್ಫ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯ. ಅವರ ವಾದ್ಯಮೇಳದಲ್ಲಿ ತುತ್ತೂರಿ ಊದುವವರನ್ನಷ್ಟೇ ಒಂದೆಡೆ ನಿಲ್ಲಿಸಿದರೂ ನಮ್ಮ ಊರಿನ ಚರ್ಚು ಸಾಲದು. ಆಟ ನೋಡಲು ಅರ್ಕನ್ಸಾದ ಬೆಟ್ಟಗಳಿಂದ ಕಡಲ ತೀರದವರೆಗೆ ಬಸ್ಸುಗಳಲ್ಲಿ ಹೋದ ನಮ್ಮವರಲ್ಲಿ ಬಹುಪಾಲು ಜನ ಸಮುದ್ರ ನೋಡಿಕೊಂಡು ಬರೋಣವೆಂದೇ ಹೊರಟವರು. ತಮ್ಮನ್ನು ಪ್ರತ್ಯೇಕ ಟ್ರೇಲರ್‌ನಲ್ಲಿ ರಾಜಮರ್ಯಾದೆಯಿಂದ ಕರೆದೊಯ್ದು, ಅಲ್ಲಿ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಗೊರಸಿರುವವರಿಗೆ ಪ್ರವೇಶವಿಲ್ಲವೆಂಬ ನಿಯಮ ತೋರಿಸಿ ಪಾರ್ಕಿಂಗ್ ಮೈದಾನದಲ್ಲೇ ಕಟ್ಟಿಹಾಕಿದಾಗ ತಾವು ತೋರಿದ ತಾಳ್ಮೆಯನ್ನು ನಾನು ಇಂದಿಗೂ ಕೊಂಡಾಡುತ್ತೇನೆ.

ಇನ್ನು ನನ್ನ ಸಂಗತಿ. ನನ್ನ ಪತ್ನಿ ವರ್ನೆಲ್‌ಗೆ ಕೆಲವು ವರ್ಷಗಳಿಂದ ನೋಟದ ನಡುಭಾಗ ಮಸುಕಾಗಿದೆ. ಮೈದಾನದ ಅಂಚು ಕಾಣುತ್ತದೆ, ಚೆಂಡು ಕಾಣುವುದಿಲ್ಲ. ಆದಕಾರಣ ಪ್ರತಿ ಶನಿವಾರವೂ ಆಕೆಯ ಎಡಗಡೆ ಕುಳಿತು, ಕಿವಿಯ ಬಳಿ ಬಾಯಿಟ್ಟು, ಆಟವನ್ನು ಸಾದ್ಯಂತವಾಗಿ ನಿವೇದಿಸುವ ಹೊಣೆಯನ್ನು ನಾನು ಹೊತ್ತಿದ್ದೇನೆ. ಬಲಗಡೆ ಕೂರುವ ಆಕೆಯ ತಮ್ಮ ಡೆಲ್ಮರ್‌ನ ಹೊಣೆ ಕಡಲೆಕಾಯಿ ತಿನ್ನುವುದು. ಈ ವ್ಯವಸ್ಥೆ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ಕಾಕಂಬಿ ಬೌಲಿನ ದಿನ ಅರ್ಧ ಆಟ ಮುಗಿಯುವ ಹೊತ್ತಿಗೆ ಅವರದು ಇಪ್ಪತ್ತನಾಲ್ಕು, ನಮ್ಮದು ಸೊನ್ನೆ. ವರ್ನೆಲ್‌ಗೆ ಗಂಟಲು ಒಣಗಿತೆಂದು ನಾನು ನಿಂಬೆಪಾನಕ ತರಲು ಎದ್ದುಹೋದೆ; ನಮ್ಮವರು ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು, ಏಳಂಕ ತರುವ ಒಂದು ಟಚ್‌ಡೌನ್ ಹೊಡೆದರು. ಪಾನಕ ಹಿಡಿದು ಮರಳಿ ಕೂತೆ. ನಮ್ಮವರು ಚೆಂಡನ್ನು ಎದುರಾಳಿಯ ಕೈಗೆ ಕೊಟ್ಟು ಕೂತರು. ಸಕ್ಕರೆ ಸಾಲದೆಂದು ಆಕೆ ಮತ್ತೆ ಕಳುಹಿಸಿದಳು, ಮತ್ತೊಂದು ಟಚ್‌ಡೌನ್. ಆಗ ಡೆಲ್ಮರ್ ಬಾಯೊಳಗಿನ ಸಿಪ್ಪೆಯನ್ನು ಉಗಿದು, ತನ್ನ ಜೀವಮಾನದ ಏಕೈಕ ಸಂಶೋಧನೆಯನ್ನು ಸಾರಿದನು: "ಭಾವ, ನಿನ್ನ ಕಾಲಿಗೆ ಬೀಳ್ತೀನಿ, ಕೂರ್ಬೇಡ. ನೀನು ಕೂತ್ರೆ ನಮ್ಮ ಹುಡುಗ್ರೂ ಕೂತ್ಬಿಡ್ತಾರೆ."

ಇದನ್ನು ನಾನು ಮೂಢನಂಬಿಕೆಯೆಂದು ತಳ್ಳಿಹಾಕುವವನಿದ್ದೆ. ಆದರೆ ಸುತ್ತಲಿನ ನಾಲ್ಕು ಸಾಲಿನ ಜನ ಅಷ್ಟರಲ್ಲೇ ತೀರ್ಪು ಬರೆದಾಗಿತ್ತು. "ತಾತ, ಆಚೆ ಹೋಗಿ ಪುಣ್ಯ ಕಟ್ಕೊಳಿ!" ಎಂದು ಮುಖಕ್ಕೆ ಹಸಿರು ಬಣ್ಣ ಬಳಿದುಕೊಂಡ ಹುಡುಗಿಯೊಬ್ಬಳು ಕೂಗಿದಳು. "ಬರೀ ಕಡಲೆಕಾಯಿ ಅಂಗಡಿವರೆಗೆ ಸಾಲ್ದು, ಗೇಟ್ ದಾಟ್ಲಿ!" ಎಂದು ಹಿಂದಿನಿಂದ ನಮ್ಮ ಪಾದ್ರಿಗಳೇ ಅಪ್ಪಣೆ ಕೊಡಿಸಿದರು. ನಾನು ನ್ಯಾಯಕ್ಕಾಗಿ ಪತ್ನಿಯ ಮುಖ ನೋಡಿದೆ. ಆಕೆ ನನ್ನ ಮೊಣಕೈ ಹಿಡಿದು, ಬಹಳ ಪ್ರೀತಿಯಿಂದಲೇ, "ಹೋಬರ್ಟ್, ಕೋಟು ಹಾಕ್ಕೊಂಡು ಹೋಗು, ಆಚೆ ಗಾಳಿ ಇದೆ" ಎಂದಳು.

ಆ ಕ್ರೀಡಾಂಗಣದಲ್ಲಿ ಒಮ್ಮೆ ಗೇಟು ದಾಟಿದವರನ್ನು ಮತ್ತೆ ಒಳಗೆ ಬಿಡುವುದಿಲ್ಲ. ನಾನು ದಾಟಿದೆ. ನಾಲ್ಕು ಸಾಲಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು; ಸೇವಾನಿವೃತ್ತಿಯ ದಿನವೂ ನನಗೆ ಅಷ್ಟು ಚಪ್ಪಾಳೆ ಸಿಕ್ಕಿರಲಿಲ್ಲ.

ಮುಂದಿನದಕ್ಕೆ ತಾವೇ ಸಾಕ್ಷಿ. ತಮ್ಮ ಟ್ರೇಲರ್‌ನ ಮೆಟ್ಟಿಲ ಮೇಲೆ ಕುಳಿತು, ಜನರ ಕೂಗಿಗೆ ಒಂದು ಕ್ಷಣ ಮೊದಲೇ ತಿರುಗುತ್ತಿದ್ದ ತಮ್ಮ ಕಿವಿಗಳನ್ನು ನೋಡಿ ನಾನು ಆಟ ತಿಳಿದೆ. ನಮ್ಮವರು ಇಪ್ಪತ್ತೊಂದಕ್ಕೆ ಬಂದದ್ದು ಹಾಗೆಯೇ ತಿಳಿಯಿತು. ಕೊನೆಯ ಕ್ಷಣದಲ್ಲಿ ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಪಡೆದು ಸಮ ಮಾಡಿಕೊಳ್ಳುತ್ತಾರೆಂದು ಇಡೀ ಲೋಕ ನಂಬಿದ್ದಾಗ, ಒದೆಯುವವನಿಗಾಗಿ ಚೆಂಡು ಹಿಡಿದು ಮಂಡಿಯೂರಿದ್ದ ನಮ್ಮ ಔಷಧದಂಗಡಿಯವರ ಮಗ ಥ್ಯಾಡಿಯಸ್, ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿ, ಮೈದಾನದ ಮೂಲೆಯಲ್ಲಿ ಗೆರೆಯಾಚೆ ಬಿದ್ದನಂತೆ. ಅದಕ್ಕೆ ಆರು ಅಂಕ; ಒದ್ದು ಪಡೆಯುವ ಏಳನೆಯದಕ್ಕೆ ಸಮಯವೇ ಉಳಿದಿರಲಿಲ್ಲವಂತೆ. ಇಪ್ಪತ್ತೇಳು, ಇಪ್ಪತ್ತನಾಲ್ಕು. ಕೋಚ್ ಸಾಹೇಬರ ತಲೆಯ ಮೇಲೆ ಸಂಪ್ರದಾಯದಂತೆ ಒಂದು ತೊಟ್ಟಿ ಕಾಕಂಬಿ ಸುರಿದರಂತೆ; ಅವರ ಟೋಪಿಯನ್ನು ಮರುದಿನ ಬಿಸಿನೀರಿನಿಂದ ಬಿಡಿಸಿದರಂತೆ. ಇಷ್ಟೆಲ್ಲ "ಅಂತೆ"ಗಳನ್ನು ನಾನು ಬರೆಯಬೇಕಾಗಿ ಬಂದಿರುವುದೇ ನನ್ನ ದೂರಿನ ಮೊದಲ ಭಾಗ.

ಎರಡನೆಯ ಭಾಗ ಇನ್ನೂ ಕಠಿಣವಾದುದು. ಆ ಓಟದ ಹೊತ್ತಿನಲ್ಲಿ ವರ್ನೆಲ್‌ಗೆ ಆಟ ಹೇಳುವ ಭಾರ ಡೆಲ್ಮರ್‌ನ ಮೇಲೆ ಬಿದ್ದಿತ್ತು. ಆತ ಹೇಳಿದ್ದು ಇಷ್ಟು: "ಅಯ್ಯೋ! ಅಯ್ಯಯ್ಯೋ! ಅಕ್ಕಾ! ಅಯ್ಯಯ್ಯಯ್ಯೋ!" ನಮ್ಮ ಕಾಲೇಜಿನ ಚರಿತ್ರೆಯಲ್ಲೇ ಹಿರಿದಾದ ಆ ಗಳಿಗೆಯಲ್ಲಿ ನನ್ನ ಹೆಂಡತಿ ಪಕ್ಕದ ಅಪರಿಚಿತ ಹೆಂಗಸಿನ ತೋಳು ಹಿಡಿದು, "ಏನಮ್ಮಾ, ನಾವು ಗೆದ್ವಾ, ಇಲ್ಲಾ ಯಾರಾದ್ರೂ ಸತ್ರಾ?" ಎಂದು ಕೇಳಬೇಕಾಯಿತು.

ತರುವಾಯ ಊರು ನನಗೆ ಸಲ್ಲಿಸುತ್ತಿರುವ ಗೌರವಗಳನ್ನು ಹೇಗೆ ವರ್ಣಿಸಲಿ? ವಿಜಯದ ಮೆರವಣಿಗೆಯಲ್ಲಿ ಹೂಮಾಲೆ ತೊಟ್ಟು ಮುಂದೆ ನಡೆದವರು ತಾವು. ಸಲಿಕೆ ಮತ್ತು ಬಕೆಟ್ ಹಿಡಿದು ತಮ್ಮ ಹಿಂದೆ ನಡೆಯುವ ಭಾಗ್ಯ ನನ್ನದಾಯಿತು. ಪಾದ್ರಿಗಳು ಭಾನುವಾರದ ಬೋಧನೆಯಲ್ಲಿ ನನ್ನ ತ್ಯಾಗವನ್ನು ಉದಾಹರಿಸಿದರು. ಹೋಟೆಲಿನ ಲೊರೀನ್ ನನಗೆ ಕಾಫಿ ಬಗ್ಗಿಸುತ್ತ, "ಸೆಪ್ಟೆಂಬರಲ್ಲಿ ಮತ್ತೆ ಆಟ ಶುರುವಾದಾಗ ನೀವು ಮೈದಾನದೊಳಗೆ ಕಾಲಿಟ್ರೆ ಈ ಕಪ್ಪು ನಿಮ್ಗೆ ಅವತ್ತೇ ಕೊನೆ, ನೆನ್ಪಿರ್ಲಿ" ಎಂದು ಪ್ರೀತಿಯಿಂದ ಎಚ್ಚರಿಸಿದಳು. ಕಾಲೇಜಿನವರಂತೂ ನಮ್ಮ ಊರಿನ ಪಾರ್ಕಿಂಗ್ ಮೈದಾನದಲ್ಲಿ, ತಮ್ಮ ಟ್ರೇಲರ್‌ಗೆ ಮೀಸಲಾದ ಜಾಗದ ಪಕ್ಕದಲ್ಲೇ, ನನ್ನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದಾರೆ. ಬದುಕಿರುವಾಗಲೇ ತನ್ನ ಹೆಸರನ್ನು ನೆಲದ ಮೇಲೆ ಓದುವ ಯೋಗ ಎಷ್ಟು ಜನರಿಗುಂಟು?

ಆದ್ದರಿಂದ ತಮ್ಮಲ್ಲಿ ಬೇಡುವುದೇನೆಂದರೆ, ಸದರಿ ಗೆಲುವು ತಮ್ಮ ಗೈರುಹಾಜರಿಯಿಂದಲೇ ಆಯಿತೇ ಹೊರತು ನನ್ನದರಿಂದ ಅಲ್ಲವೆಂದು ಬಲಗೊರಸಿನ ಮುದ್ರೆಯೊತ್ತಿ ಒಂದು ಪ್ರಮಾಣಪತ್ರವನ್ನು ದಯಪಾಲಿಸಬೇಕು. ಅದು ಆಗದಿದ್ದರೆ, ನಾನು ಹೊರಗಿರುವಾಗಲೇ ನಮ್ಮ ತಂಡ ಒಂದು ಪಂದ್ಯವನ್ನಾದರೂ ಹೀನಾಯವಾಗಿ ಸೋಲುವಂತೆ ಏರ್ಪಾಟು ಮಾಡಬೇಕು. ಯಾವ ಪಂದ್ಯವೆಂಬುದನ್ನು ತಮ್ಮ ವಿವೇಚನೆಗೆ ಬಿಟ್ಟಿದ್ದೇನೆ. ಅದೂ ಅಸಾಧ್ಯವೆಂದಾದರೆ, ತಾವೇ ನನ್ನ ಆಸನದಲ್ಲಿ ಕುಳಿತು ವರ್ನೆಲ್‌ಗೆ ಆಟವನ್ನು ನಿವೇದಿಸಬೇಕು. ಡೆಲ್ಮರ್‌ಗಿಂತ ತಮ್ಮ ಶಬ್ದಸಂಪತ್ತು ಹೆಚ್ಚಿನದೆಂಬುದು ಊರಿಗೇ ಗೊತ್ತು.

ಇಷ್ಟು ಬರೆದು ಸಹಿ ಹಾಕುವವನಿದ್ದೆ. ಅಷ್ಟರಲ್ಲಿ ಕಳೆದ ಶನಿವಾರ ವಸಂತಕಾಲದ ಪಂದ್ಯ ಬಂತು. ನಮ್ಮ ಹುಡುಗರೇ ಎರಡು ಪಾಲಾಗಿ ತಮ್ಮತಮ್ಮಲ್ಲೇ ಆಡುವ ಆ ಆಟಕ್ಕೂ ನನಗೆ ವಿನಾಯಿತಿ ಸಿಗದೆ ತಮ್ಮ ಬಳಿಯೇ ಕುಳಿತಿದ್ದುದು ತಮಗೆ ನೆನಪಿರಬಹುದು. ಆಟದ ಮೊದಲ ಕಾಲುಭಾಗ ಮುಗಿಯುವ ಮುನ್ನವೇ ವರ್ನೆಲ್ ಕೋಲೂರಿಕೊಂಡು, ಹಸಿರು ಮುಖದ ಆ ಹುಡುಗಿಯ ಕೈ ಹಿಡಿದು, ಗೇಟು ದಾಟಿ ಬಂದಳು.

"ಯಾಕೆ ಬಂದೆ?" ಎಂದೆ.

"ಡೆಲ್ಮರ್ ಹೇಳೋದು ಆಟ ಅಲ್ಲ, ಎಣಿಕೆ. ಓಡ್ದ, ಬಿದ್ದ, ಓಡ್ದ, ಬಿದ್ದ. ನೀನು ಹೇಳು."

"ಇಲ್ಲಿಂದ ಬರೀ ಗೋಡೆ ಕಾಣುತ್ತೆ ಕಣೆ."

"ಮೈದಾನ ಕಾಣೋವಾಗ ನೀನು ಕಂಡಿದ್ದನ್ನೇ ಹೇಳ್ತಿದ್ಯಾ? ನಂಗೆ ಮಂಜಾಗಿರೋದು ಕಣ್ಣು, ಕಿವಿಯಲ್ಲ. ನಿನ್ನ ಕಟ್ಟುಕತೆಗೆ ಅಕ್ಕಪಕ್ಕದೋರು ನಗೋದು ಕೇಳಿಸ್ತಿತ್ತು. ಸರ್ಕೋ, ಕೂರ್ಬೇಕು."

ಒಳಗೆ ಒಂದು ಕೂಗೆದ್ದಿತು. ನಾನು ಗಂಟಲು ಸರಿಪಡಿಸಿಕೊಂಡು, ಸದರಿ ಚೆಂಡನ್ನು ಥ್ಯಾಡಿಯಸ್‌ನ ಕೈಗಿತ್ತು, ಅವನನ್ನು ಮೂವರ ತಲೆಯ ಮೇಲೆ ಹಾರಿಸಿ, ನಾಲ್ಕನೆಯವನ ಕ್ಷಮೆ ಕೇಳಿಸಿ, ಗೆರೆಯಾಚೆ ಇಳಿಸಿದೆ. ಆಕೆ ಕಣ್ಣುಮುಚ್ಚಿ ಕೇಳಿದಳು. ಕೊನೆಗೆ, "ಹ್ಞೂಂ, ಇದು ಆಟ" ಎಂದಳು.

ಆದಕಾರಣ ಮೇಲ್ಕಂಡ ಎಲ್ಲ ಬೇಡಿಕೆಗಳನ್ನೂ ಈ ಮೂಲಕ ಹಿಂಪಡೆದು, ಅವುಗಳ ಬದಲಿಗೆ ಒಂದನ್ನು ಮಾತ್ರ ಸಲ್ಲಿಸುತ್ತಿದ್ದೇನೆ: ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರದಿಂದ ತಾವು ದಯಮಾಡಿ ಒಂದಿಷ್ಟು ಎಡಕ್ಕೆ ಸರಿದು ನಿಲ್ಲಬೇಕು. ಅಲ್ಲಿ ಎರಡು ಕುರ್ಚಿ ಹಾಕುವುದಿದೆ.

ಗೋಡೆಯ ಈಚೆ ಬದಿಯಲ್ಲಿ ಎಂದೆಂದಿಗೂ ತಮ್ಮ ನೆರೆಯ ವಿಶ್ವಾಸಿ,
ಹೋಬರ್ಟ್ ಸ್ಟಿಲ್‌ವೆಲ್

ಮರೆತ ಮಾತು: ವಸಂತಕಾಲದ ಪಂದ್ಯದಲ್ಲಿ ಎರಡೂ ಕಡೆ ನಮ್ಮವರೇ ಇದ್ದುದರಿಂದ ಸೋತವರೂ ನಮ್ಮವರೇ ಆದರು. ಸೋತ ಪಾಲಿನವರು ಆಳವಾಗಿ ವಿಚಾರಿಸಿ ನೋಡಲಾಗಿ, ಆಟ ಮುಗಿಯುವವರೆಗೂ ಡೆಲ್ಮರ್ ಒಳಗೇ ಕುಳಿತಿದ್ದನೆಂಬ ಅಂಶ ಬೆಳಕಿಗೆ ಬಂದಿದೆಯಂತೆ. ಆತನನ್ನೂ ಹೊರಗೆ ಕಳುಹಿಸುವ ಸಂಭವವಿದೆ. ಬಂದಲ್ಲಿ, ತಮ್ಮ ಹಿಂಗಾಲುಗಳ ಹತ್ತಿರದ ಜಾಗವನ್ನು ಆತನಿಗೆ ಉದಾರವಾಗಿ ಬಿಟ್ಟುಕೊಡಬೇಕಾಗಿ ಪ್ರಾರ್ಥನೆ.