ಮಂಚಕ್ಕೊಂದು ಜಾಗ

ಆ ಪಂಚಾಯ್ತಿ ಮೆಂಬರಿಗೆ ಊರವರು ಇಟ್ಟ ಹೆಸರು ಆಗಲಪ್ಪ. ಯಾರು ಏನು ಕೇಳಿದರೂ ‘ಆಗ್ಲಪ್ಪ’ ಎನ್ನುವುದು ಅವನ ಹುಟ್ಟುಗುಣ. ಅದರ ಫಲವಾಗಿ ಊರವರ ಮೆಕ್ಕೆಜೋಳದ ಚೀಲಗಳು ಅವನ ಮಲಗುವ ಕೋಣೆಯಲ್ಲಿ ಸೂರು ಮುಟ್ಟುತ್ತಿದ್ದವು. ನಡುಮನೆಯಲ್ಲಿ ಹೆಂಡತಿಯ ಮಹಿಳಾ ಸಂಘದ ಹೊಲಿಗೆ ಯಂತ್ರಗಳು ಕೂತಿದ್ದವು. ಮಂಚ ಬಚ್ಚಲುಮನೆಯ ಗೋಡೆಗೆ ಒರಗಿ ನಿಂತಿತ್ತು. ಗಂಡಹೆಂಡಿರು ಅಡುಗೆಮನೆಯಲ್ಲಿ ಒಲೆಯ ಪಕ್ಕ ಮುದುಡಿಕೊಂಡು ಮಲಗುತ್ತಿದ್ದರು.

ಅಷ್ಟರಲ್ಲಿ ಸರ್ಕಾರ ಊರಿಗೊಂದು ಕಟ್ಟಡ ಕೊಡುತ್ತೇನೆಂದಿತು. ಗೋದಾಮು ಬೇಕೋ, ಸಮುದಾಯ ಭವನ ಬೇಕೋ, ಎರಡರಲ್ಲಿ ಒಂದು. ಊರು ಒಮ್ಮತದಿಂದ ಹೇಳದಿದ್ದರೆ ಅದೂ ಇಲ್ಲ.

“ಗೋದಾಮೇ ಅಂತ ಹೇಳ್ಬಿಡೋ,” ಎಂದ ಬೆಳೆಗಾರರ ಸಂಘದ ಅಧ್ಯಕ್ಷನಾದ ಅವನ ಅಣ್ಣ.

“ಆಗ್ಲಪ್ಪ.”

“ರೀ, ಭವನ ಅಂತಾನೇ ಹೇಳ್ಬೇಕು,” ಎಂದಳು ಹೆಂಡತಿ.

“ಆಗ್ಲಮ್ಮ.”

ಸರ್ಕಾರದ ಸಾಹೇಬರು ಜಾಗ ನೋಡಲು ಬರುವ ಬೆಳಿಗ್ಗೆ ಈ ಎರಡು ‘ಆಗ್ಲಿ’ಗಳೂ ಶಾಲೆಯ ಪಕ್ಕದ ಬಯಲಿನಲ್ಲಿ ಮುಖಾಮುಖಿಯಾದವು. ಜಾಗ ನಮ್ಮ ಬಳಕೆಯಲ್ಲೇ ಇದೆ ಎಂದು ತೋರಿಸಲು ಅಣ್ಣ ತಮ್ಮನ ಕೋಣೆಯಿಂದ ಗಾಡಿಗಟ್ಟಲೆ ಚೀಲ ತಂದು ಇಳಿಸಿದ. ಅದೇ ಉಪಾಯದಿಂದ ಹೆಂಡತಿ ಯಂತ್ರಗಳನ್ನು ಹೊರಿಸಿಕೊಂಡು ಬಂದಳು. ಎಳೆದಾಟದಲ್ಲಿ ಚೀಲಗಳು ಹರಿದು ಜೋಳವೆಲ್ಲ ಯಂತ್ರಗಳ ಕಾಲಡಿಗೆ ಸುರಿಯಿತು.

“ಈ ಹರಕಲು ಚೀಲ ಇಟ್ಕೊಂಡು ನಿಮಗೆ ಗೋದಾಮು ಬೇರೆ ಕೇಡು,” ಎಂದು ಬೈಯುತ್ತಲೇ ಹೆಂಡತಿ ಒಂದು ಚೀಲ ಕಸಿದು ಯಂತ್ರಕ್ಕೆ ಕೊಟ್ಟು ಹೊಲಿದಳು. ಕೈ ಸುಮ್ಮನಿರದ ಉಳಿದ ಹೆಂಗಸರೂ ಹೊಲಿಯತೊಡಗಿದರು. ಗಂಡಸರು ಗೊಣಗುತ್ತಾ ಜೋಳ ಬಾಚಿ ತುಂಬಿದರು. ಆಗಲಪ್ಪ ಬೇವಿನ ಮರದ ಮರೆಗೆ ಸರಿಯುತ್ತಿದ್ದ. ಅಷ್ಟರಲ್ಲಿ ಜೀಪು ಬಂತು.

ಸಾಹೇಬರು ಕನ್ನಡಕ ಒರೆಸಿಕೊಂಡು ನೋಡಿದರು. “ಇದು ಯಾರ ಕೆಲಸ?”

ತಪ್ಪೆಲ್ಲ ಅವನ ತಲೆಗೇ ಕಟ್ಟೋಣವೆಂದು ಇಡೀ ಊರು ಒಮ್ಮತದಿಂದ ಆಗಲಪ್ಪನತ್ತ ಬೆರಳು ತೋರಿಸಿತು.

“ಭೇಷ್. ಗಂಡಸರು ಬೆಳೀತಾರೆ, ಹೆಂಗಸರು ಚೀಲ ಹೊಲೀತಾರೆ. ನಾವು ವರ್ಷಗಟ್ಟಲೆ ಮೀಟಿಂಗ್ ಮಾಡಿದ್ರೂ ಇದು ಹೊಳೀಲಿಲ್ಲ. ಸರಿ, ಒಂದು ಗೋದಾಮು ಸಾಕಲ್ವಾ?”

ಆಗಲಪ್ಪನ ಬಾಯಿ ಅಭ್ಯಾಸದಂತೆ ತೆರೆಯಿತು. ಆದರೆ ಬಚ್ಚಲಲ್ಲಿ ನಿಂತ ಮಂಚ ಕಣ್ಣಮುಂದೆ ಬಂತು.

“ಸಾಕಾಗಲ್ಲ ಸಾರ್.”

ಅವನ ಬಾಯಲ್ಲಿ ಊರು ಇಂಥ ಮಾತು ಕೇಳಿದ್ದು ಅದೇ ಮೊದಲು. ಅಣ್ಣನ ಕೈಯಿಂದ ಚೀಲ ಜಾರಿತು.

“ಬೆಳೆಗೆ ಸೂರು ಮಾಡಿ ಬೆಳೆದೋರನ್ನ ಬಿಸಿಲಲ್ಲಿ ಕೂರ್ಸಿದ್ರೆ ಆಗಲ್ಲ. ಜನಕ್ಕೆ ಭವನ ಕಟ್ಟಿ ಬೆಳೆನ ಮಳೇಲಿ ಬಿಟ್ರೂ ಆಗಲ್ಲ. ಎರಡೂ ಕೊಡಿ, ಇಲ್ಲಾಂದ್ರೆ ಒಂದೂ ಬೇಡ.” ಹೇಳುವಾಗ ಅವನ ಕೈ ತಾನಾಗಿ ಬೆನ್ನಿಗೆ ಹೋಯಿತು. ಅವನ ಸೊಂಟದ ನೋವು ಅವನಿಗೇ ಗೊತ್ತು.

ಸಾಹೇಬರು ಅಲ್ಲೇ ಯಾರ್ಯಾರಿಗೋ ಫೋನ್ ಮಾಡಿದರು. ಕೊನೆಗೆ ನಕ್ಕರು. “ಕೃಷಿ ಇಲಾಖೆ ದುಡ್ಡಲ್ಲಿ ಕೆಳಗೆ ಗೋದಾಮು, ಗ್ರಾಮಾಭಿವೃದ್ಧಿ ದುಡ್ಡಲ್ಲಿ ಮೇಲೆ ಭವನ. ಮಂಜೂರು.”

ಅಣ್ಣನೇ ತಮ್ಮನನ್ನು ಹೆಗಲಿಗೇರಿಸಿಕೊಂಡ. ತಮಟೆ ಇಲ್ಲದಿದ್ದರೆ ಏನಾಯಿತು, ಹುಡುಗರು ಡಬ್ಬಿಗಳನ್ನೇ ಬಾರಿಸಿದರು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ನಮ್ಮನೆಯೋರು,” ಎಂದು ಎಲ್ಲರಿಗೂ ಹೇಳಿಕೊಂಡು ಬಂದಳು. ಆಗಲಪ್ಪನ ಜನ್ಮ ಸಾರ್ಥಕವಾಯಿತು.

ಹೊರಟ ಜೀಪು ನಿಂತಿತು. ಸಾಹೇಬರು ತಲೆ ಹೊರಹಾಕಿದರು. “ಅಂದಹಾಗೆ, ಸಿಮೆಂಟ್ ಲಾರಿ ನನ್ನ ಹಿಂದೇನೇ ಬರ್ತಿದೆ. ಕಟ್ಟಡ ಮುಗಿಯೋವರೆಗೂ ನೆನೆಯದ ಹಾಗೆ ಇಡೋಕೆ ಬೆಚ್ಚಗಿನ ಕೋಣೆ ಎಲ್ಲಾದ್ರೂ ಇದ್ಯಾ?”

ಹೆಗಲ ಮೇಲಿದ್ದವನು ಖುಷಿಯ ಭರದಲ್ಲಿ ಎಲ್ಲರಿಗಿಂತ ಮೊದಲು ಹೇಳಿಬಿಟ್ಟ: “ನಮ್ಮ ಅಡುಗೆಮನೆ ಇದೆಯಲ್ಲ ಸಾರ್, ಆಗ್ಲಿ.”

ಮೆರವಣಿಗೆ ಮನೆ ಮುಟ್ಟುವ ಹೊತ್ತಿಗೆ ಲಾರಿ ಖಾಲಿಯಾಗಿತ್ತು. ಕೋಣೆಗೆ ಜೋಳ ವಾಪಸ್ಸಾಗಿತ್ತು, ನಡುಮನೆಗೆ ಯಂತ್ರಗಳು ವಾಪಸ್ಸಾಗಿದ್ದವು, ಅಡುಗೆಮನೆಯ ಬಾಗಿಲವರೆಗೂ ಸಿಮೆಂಟು. ಹೆಂಡತಿ ಒಳಗೆ ಇಣುಕಿ, ಸೀದಾ ತವರಿನ ದಾರಿ ಹಿಡಿದಳು.

“ಭಾರ ಆಯ್ತು ಕಣೋ,” ಎಂದ ಅಣ್ಣ ಏದುಸಿರು ಬಿಡುತ್ತಾ. “ಎಲ್ಲಿ ಇಳಿಸ್ಲಿ ನಿನ್ನ?”

ಆಗಲಪ್ಪ ಮನೆಯೊಳಗೆಲ್ಲ ಕಣ್ಣಾಡಿಸಿದ. ಆಮೇಲೆ ಅಣ್ಣನ ತಲೆಯನ್ನು ಭದ್ರವಾಗಿ ಹಿಡಿದುಕೊಂಡ.

“ಇನ್ನೊಂದು ಸುತ್ತು ಹೋಗೋಣ ಬಾ ಅಣ್ಣ.”