ನಾಲ್ಕು ಕಾಲಿನ ಸವತಿಗೆ ಉಪ್ಪುನೀರು

ಹೊಟ್ಟೆಕಿಚ್ಚು ಪಡಬಾರದು ಹೇಳಿ ದಿನಾ ಬೆಳಿಗ್ಗೆ ನಿಶ್ಚಯ ಮಾಡ್ತೇನೆ. ಸಂಜೆ ಅಂಕೋಲಾದ ಆಫೀಸಿನಿಂದ ಕಾರವಾರದ ಮನೆಗೆ ಬರೂದರೊಳಗೆ ಅಂಗಳದಲ್ಲಿ ಎಂತಾದ್ರೂ ಒಂದು ಆಗಿಯೇ ಇರ್ತದೆ. ನನ್ನ ಗಂಡ ಬೀಚಿನಲ್ಲಿ ಪ್ರವಾಸಿಗರನ್ನು ಕುದುರೆ ಮೇಲೆ ಕೂರಿಸಿ ಸುತ್ತಿಸ್ತಾರೆ. ಹೆಣ್ಣು ಕುದುರೆ. ಅದನ್ನು ಕರೆಯೂದು ‘ಪುಟ್ಟೀ’. ನನ್ನನ್ನು ಕರೆಯೂದು ‘ಹೋಯ್’.

ಗಂಧದ ಸೋಪು

ಒಂದಿನ ಬಂದು ನೋಡ್ತೇನೆ, ಪುಟ್ಟಿಯ ಕುತ್ತಿಗೆ, ತೊಡೆಸಂದಿ ಎಲ್ಲಾ ಬಿಳಿ ನೊರೆ. ಬಚ್ಚಲಿಗೆ ಹೋದರೆ ನನ್ನ ಗಂಧದ ಸೋಪು ಅರ್ಧ ಸವೆದಿದೆ. ಪಿತ್ತ ನೆತ್ತಿಗೇರಿತು.

“ನನ್ನ ಸೋಪು ಹಾಕಿ ಮೀಯಿಸಿದ್ರಾ ಇದಕ್ಕೆ? ಅದನ್ನೂ ಸಮಾ ತೊಳೀಲಿಲ್ಲ!”

“ಥೋ ಮಾರಾಯ್ತಿ, ಅದು ಬೆವರು! ಲಗಾಮು ತಿಕ್ಕಿದಲ್ಲಿ, ತೊಡೆ ತಿಕ್ಕಿದಲ್ಲಿ ಕುದುರೆ ಬೆವರು ನೊರೆ ಬರ್ತದೆ.”

ನಾನೆಲ್ಲಿ ನಂಬ್ತೇನೆ? ಬಗ್ಗಿ ಮೂಸಿದೆ. ಗಂಧದ ವಾಸನೆ ಇಲ್ಲವೇ ಇಲ್ಲ. ಅಷ್ಟರಲ್ಲಿ ಅತ್ತೆ ಮಿಂದ ತಲೆ ಒರೆಸ್ತಾ ಹೊರಗೆ ಬಂದರು, ಗಂಧ ಘಮಘಮ ಹೇಳಿ.

ಉಪ್ಪಿನ ರುಚಿ

ಮೇ ತಿಂಗಳ ಸೆಕೆಗೆ ಪುಟ್ಟಿ ಸೋತು ತಲೆ ಇಳಿಬಿಟ್ಟಿತು. ದನದ ಡಾಕ್ಟರು ಬಂದರು. “ಕುದುರೆ ಬೆವರಿನಲ್ಲಿ ನೀರಿನ ಒಟ್ಟಿಗೆ ಉಪ್ಪೂ ಸುಮಾರು ಹೋಗ್ತದೆ. ಹಾಗಾಗಿ ಅದಕ್ಕೆ ಬಾಯಾರಿಕೆಯೇ ಗೊತ್ತಾಗೂದಿಲ್ಲ. ಈ ಲವಣದ ಪುಡಿ ಕಲಸಿದ ನೀರು ಒಂದು ಬಕೆಟ್ ಇಡಿ, ಪಕ್ಕದಲ್ಲಿ ಬರೀ ನೀರಿಂದೊಂದು. ಕುಡೀದೇ ಇದ್ರೆ ಜೀವಕ್ಕೇ ಕಷ್ಟ” ಅಂದರು.

ಶುರುವಾಯ್ತು ಇವರ ಉಪಚಾರ. ಬಕೆಟ್ಟಿಗೆ ಬೆರಳದ್ದಿ ನೆಕ್ಕೂದು, ಕಣ್ಣು ಮುಚ್ಚಿ ಯೋಚಿಸೂದು, “ಒಂಚೂರು ಕಡು ಆಯ್ತು” ಹೇಳಿ ಮತ್ತೆ ನೀರು ಬೆರೆಸೂದು. ನನಗೆ ಮೈಯೆಲ್ಲಾ ಉರಿ. ಬೇಕಂತಲೇ ಬಂಗಡೆ ಸಾರಿಗೆ ಉಪ್ಪೇ ಹಾಕಲಿಲ್ಲ. ಎರಡೆರಡು ಸಲ ಬಡಿಸಿಕೊಂಡು ಉಂಡು, ಕೈತೊಳೀತಾ ಕೇಳಿದರು: “ಪುಟ್ಟಿಗೆ ಉಪ್ಪು ಸಮಾ ಆಗಿದ್ಯಾ ಹೇಳಿ ನೀನೂ ಒಂದ್ಸಲ ನೋಡ್ತೀಯಾ?”

ಮಗ್ಗು

ಇಷ್ಟಾದರೂ ಪುಟ್ಟಿ ಆ ನೀರು ಮೂಸಿ ಮುಖ ತಿರುಗಿಸ್ತು. ಬರೀ ನೀರನ್ನೂ ಮುಟ್ಟಲಿಲ್ಲ. ಬೆಲ್ಲ ಹಾಕಿದರು, ಊಹೂಂ. ಇವರು ಊಟ ಬಿಟ್ಟು ಅದರ ಎದುರು ಕೂತು, “ಕುಡಿಯೇ ನನ್ನ ಬಂಗಾರ” ಹೇಳಿ ಗೋಗರೆಯೂದು. ನನಗೆ ಹೊಟ್ಟೆ ಉರೀತಿತ್ತು, ಹೆದರಿಕೆಯೂ ಆಗ್ತಿತ್ತು. ಸವತಿಯಾದರೇನು, ಸಾಯಲಿ ಹೇಳಿ ಇಲ್ಲ.

ಮರುದಿನ ಬಸ್ಸಿನ ಗರ್ದಿಯಲ್ಲಿ ಬೆಂದು ಬಂದವಳು ಅಂಗಳದಲ್ಲೇ ಕಣ್ಣು ಕತ್ತಲೆ ಬಂದು ಕುಸಿದೆ. ಇವರು ಓಡಿ ಬಂದರು. ಅಂತೂ ಇವರ ಕಣ್ಣಿಗೆ ನಾನೂ ಬಿದ್ದೆನಲ್ಲ ಅಂದ್ಕೊಂಡೆ. ಬಂದವರು ನನ್ನ ಕುತ್ತಿಗೆಯ ಚರ್ಮ ಹಿಡಿದೆಳೆದು ಬಿಟ್ಟು ನೋಡಿದರು. ಮೇಲ್ತುಟಿ ಎತ್ತಿ ವಸಡು ಒತ್ತಿದರು. ಡಾಕ್ಟರು ಕುದುರೆಯಲ್ಲಿ ನೀರು ಕಮ್ಮಿಯಾದದ್ದು ನೋಡೂದು ಹಾಗೆ!

“ರೀ, ನಾನು ನಿಮ್ಮ ಹೆಂಡ್ತಿ!”

“ಗೊತ್ತುಂಟು, ಅಲ್ಲಾಡಬೇಡ.”

ಪುಟ್ಟಿಯ ಬಕೆಟ್ಟಿನಿಂದಲೇ ಒಂದು ಮಗ್ಗು ಮೊಗೆದು ಬಾಯಿಗೆ ಹಿಡಿದು, ಬೆನ್ನು ಸವರ್ತಾ, “ಕುಡಿಯೇ ನನ್ನ ಬಂಗಾರ” ಅಂದರು. ಎರಡು ಗುಟುಕು ಕುಡಿದು ಓರೆಗಣ್ಣಲ್ಲಿ ನೋಡಿದೆ. ಪುಟ್ಟಿ ಕಿವಿ ಹಿಂದಕ್ಕೆ ಮಡಚಿ, ದಡದಡ ಬಂದು, ಮೂತಿಯಿಂದ ನನ್ನನ್ನು ಅತ್ಲಾಗೆ ತಳ್ಳಿ, ಬಕೆಟ್ಟಿಗೆ ಮುಖ ಹಾಕ್ತು. ತಳ ಕಾಣೂವರೆಗೂ ಕುಡೀತು. ಬರೀ ನೀರಿನ ಬಕೆಟ್ಟೂ ಖಾಲಿ. ಇವರು ಅತ್ತೇಬಿಟ್ಟರು.

ಈಗ ದಿನಾ ಸಂಜೆ ನನ್ನನ್ನು ಗೇಟಿನಿಂದಲೇ ಕೈಹಿಡಿದು ಕರಕೊಂಡು ಬಂದು ಪುಟ್ಟಿಯ ಎದುರು ಕೂರಿಸಿ, ನಿಂಬೆ ಶರಬತ್ತು ಕೊಟ್ಟು ಬೆನ್ನು ಸವರ್ತಾರೆ. ಪುಟ್ಟಿ ಕಾಲಿನಿಂದ ನೆಲ ಕೆರೆಯಲಿಕ್ಕೆ ಶುರು ಮಾಡ್ತದೆ. “ಸಾಕು, ಏಳು” ಅಂತಾರೆ ಇವರು.

“ಇನ್ನೂ ಒಂಚೂರು ಸವರಿ” ಅಂತೇನೆ. “ಅವಳಿಗೆ ಇನ್ನೂ ಸಮಾ ಬಾಯಾರ್ಲಿಲ್ಲ.”