ದೊಡ್ಡಮ್ಮ ಮಲಾವಿಗೆ ಹೊರಟಿದ್ದು

ಬಸ್ಸಿನಲ್ಲಿ ನಮ್ಮ ದೊಡ್ಡಮ್ಮನ ಪಕ್ಕ ಒಂದು ಸಲ ಕೂತವರು ಎರಡನೇ ಸಲ ಕೂತಿದ್ದನ್ನು ನಾನಂತೂ ನೋಡಿಲ್ಲ! ಕುಣಿಗಲ್‌ನಲ್ಲಿ ಹತ್ತಿದರೆ ಹೆಬ್ಬೂರು ಬರುವಷ್ಟರಲ್ಲಿ ಆಕೆಗೆ ಹೊಟ್ಟೆ ತೊಳಸುತ್ತದೆ. ಒಂದು ಕೈಯಲ್ಲಿ ಮೂಸಲು ನಿಂಬೆಹಣ್ಣು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು. ತುಮಕೂರಿನಲ್ಲಿ ಇಳಿಯುವ ಹೊತ್ತಿಗೆ ಕಂಡಕ್ಟರನಿಗೂ ಆಕೆಗೂ ಮಾತು ಬಿಟ್ಟುಹೋಗಿರುತ್ತದೆ.

ಇಂಥ ದೊಡ್ಡಮ್ಮ, ಕುಣಿಗಲ್‌ನಲ್ಲಿ ಮೂವತ್ತೈದು ವರ್ಷ ನರ್ಸ್ ಕೆಲಸ ಮಾಡಿ ರಿಟೈರಾದ ಮರುವಾರವೇ ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದು, ಅಮ್ಮ ಕೊಟ್ಟ ಕಾಫಿ ಊದುತ್ತಾ ಹೇಳಿದಳು: "ಮಿಷನರಿ ಆಗಿ ಆಫ್ರಿಕಾಕ್ಕೆ ಹೋಗ್ತಿದೀನಿ ಕಣೇ. ಮಲಾವಿ ಅಂತ ದೇಶ. ಅಲ್ಲೊಂದು ಹಳ್ಳಿ ಆಸ್ಪತ್ರೇಲಿ ಹೆರಿಗೆ ಮಾಡ್ಸೋಕೆ ನರ್ಸೇ ಇಲ್ವಂತೆ."

ನಮ್ಮದು ಗುಬ್ಬಿ ಕಡೆಯ ಹಳೆಯ ಕ್ರೈಸ್ತ ಮನೆತನ. ಮುತ್ತಜ್ಜನ ಕಾಲದಲ್ಲಿ ಮಿಷನರಿಗಳು ಹಡಗು ಹತ್ತಿ ನಮ್ಮ ಕಡೆ ಬಂದಿದ್ದು ಗೊತ್ತು. ನಮ್ಮ ಕಡೆಯಿಂದ ಒಬ್ಬರು ಹೊರಟಿದ್ದು ಇದೇ ಮೊದಲು. ಹೊರಟವರು ಯಾರು? ಹೆಬ್ಬೂರು ದಾಟಲಾರದ ದೊಡ್ಡಮ್ಮ!

"ಅಕ್ಕ, ಗುಬ್ಬಿಗೆ ಹೋಗೋಕೇ ನಿಂಗೆ ಎರಡು ಕವರು ಬೇಕು. ಆಫ್ರಿಕಾಕ್ಕೆ ಎಷ್ಟು ತಗೊಂಡೋಗ್ತೀಯಾ?" ಎಂದಳು ಅಮ್ಮ.

"ಒಂದು ಕಟ್ಟು."

ಚರ್ಚಿನ ಪಾದ್ರಿಗಳೂ ಎಚ್ಚರಿಸಿದ್ದರು. ಅಲ್ಲಿ ಇಳಿದ ಮೇಲೆ ಆರೋಗ್ಯ ಸರಿಯಿಲ್ಲ ಅನ್ನಿಸಿದರೆ, ವಯಸ್ಸು ನೋಡಿ ಮುಂದಿನ ವಿಮಾನಕ್ಕೇ ವಾಪಸ್ ಹತ್ತಿಸುತ್ತಾರಂತೆ. ಅಷ್ಟು ಕೇಳಿದ್ದೇ ತಡ, ದೊಡ್ಡಮ್ಮ ತಾಲೀಮು ಶುರು ಮಾಡಿದಳು. ಎಲ್ಲಿ ಅಂತೀರಿ? ದೇವರಾಯನದುರ್ಗದ ತಿರುವುಗಳಲ್ಲಿ! ನಮ್ಮ ಮನೆಯಲ್ಲೇ ಠಿಕಾಣಿ ಹೂಡಿ, ದಿನಾ ಬೆಳಗ್ಗೆ ಆಟೋದಲ್ಲಿ ಬೆಟ್ಟ ಹತ್ತುವುದು, ಮೇಲೆ ಒಂದು ಟೀ ಕುಡಿಯುವುದು, ಇಳಿಯುವುದು. ಆರನೇ ದಿನ ಟೀ ಅಂಗಡಿಯವನು ಭಕ್ತಿಯಿಂದ ಕೇಳಿದನಂತೆ: "ದಿನಾ ಬರ್ತೀರಲ್ಲಮ್ಮ, ಏನು ಹರಕೆನಾ?"

"ಇಲ್ಲ ಕಣಪ್ಪ, ವಾಂತಿ ಪ್ರಾಕ್ಟೀಸು."

ಹದಿನೈದನೇ ದಿನ ಕವರು ಮಡಚಿದ್ದು ಮಡಚಿದಂತೇ ಮನೆಗೆ ಬಂತು. ದೊಡ್ಡಮ್ಮ ಅದನ್ನು ಪದಕದ ಹಾಗೆ ಎತ್ತಿ ತೋರಿಸಿದಳು.

ಬೆಂಗಳೂರಿನ ಏರ್‌ಪೋರ್ಟಿನಲ್ಲಿ ತಪಾಸಣೆಯವರು ಆಕೆಯ ಕೈಚೀಲ ಬಿಚ್ಚಿದರೆ ಹದಿನೆಂಟು ನಿಂಬೆಹಣ್ಣು! ಕ್ಯೂನಲ್ಲಿ ಹಿಂದಿದ್ದವರು ಎರಡು ಹೆಜ್ಜೆ ಹಿಂದಕ್ಕೆ ಸರಿದರಂತೆ. ಬಿಳಿ ಸೀರೆಯ ಹೆಂಗಸು, ಒಬ್ಬಳೇ ಬೇರೆ, ಏನು ಮಾಟಕ್ಕೆ ಹೊರಟಿದ್ದಾಳೋ! ದೊಡ್ಡಮ್ಮ ಒಂದನ್ನು ತೆಗೆದು ಆಳವಾಗಿ ಮೂಸಿ ತೋರಿಸಿದ ಮೇಲೆಯೇ ದಾರಿ ಬಿಟ್ಟಿದ್ದು. ವಿಮಾನದಲ್ಲಿ ಪಕ್ಕದ ಸೀಟಿನ ದಢೂತಿ ಗಂಡಸು ಹೆದರಿ ನಡುಗುತ್ತಿದ್ದನಂತೆ. ಅವನ ನಾಡಿ ಹಿಡಿದು, ನಿಂಬೆಹಣ್ಣು ಮೂಸಿಸಿ, ಸಮಾಧಾನ ಮಾಡುವುದರಲ್ಲಿ ತನ್ನ ಹೊಟ್ಟೆಯ ನೆನಪೇ ದೊಡ್ಡಮ್ಮನಿಗೆ ಬರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮಲಾವಿಯಿಂದ ಫೋನು. ಕರೆದೊಯ್ಯಲು ಬಂದಿದ್ದ ಆಸ್ಪತ್ರೆಯ ಡ್ರೈವರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ವಿಮಾನ ಬಂದಿದೆ, ಸಿಸ್ಟರ್ ಬಂದಿಲ್ಲ. ಅಮ್ಮ ಗೋಡೆಗೊರಗಿ ಕೂತುಬಿಟ್ಟಳು. ದೊಡ್ಡಮ್ಮನ ಫೋನ್ ಸಿಕ್ಕಲಿಲ್ಲ. ಎರಡು ಗಂಟೆ ಸರದಿಯಂತೆ ಅದೇ ನಂಬರು ಒತ್ತಿದೆವು. ಆಮೇಲೆ ಆಕೆಯೇ ಕರೆ ಮಾಡಿದಳು, ನಡುವೆ ವಿಮಾನ ಬದಲಾಯಿಸುವ ಊರಿನಿಂದ.

"ವಿಮಾನ ತಪ್ಪಬಾರದು ಅಂತ ಕಣ್ಮುಚ್ಚಿ ಪ್ರಾರ್ಥನೆ ಮಾಡ್ತಾ ಕೂತಿದ್ದೆ ಕಣೋ. ಕಣ್ಬಿಟ್ಟೆ, ಹೊರಟೋಗಿತ್ತು!"

ಅಮ್ಮ ಫೋನು ಕಿತ್ತುಕೊಂಡು ಅತ್ತಳು. "ಸಾಕು ಬುಡಕ್ಕ, ವಾಪಸ್ ಬಂದ್ಬುಡು."

"ಅರ್ಧ ದಾರಿ ಬಂದಿದೀನಿ. ವಾಪಸ್ ಬಂದ್ರೂ ಅಷ್ಟೇ ದೂರ. ಮುಂದಕ್ಕೇ ಹೋಗ್ತೀನಿ."

ಕೌಂಟರಿನವರು ಹೋಟೆಲಿಗೆ ಹೋಗಿ ಮಲಗಿ ಎಂದರೂ ಕೇಳದೆ, ಅವರ ಎದುರಿನ ಕುರ್ಚಿಯಲ್ಲೇ, ಈ ಸಲ ಕಣ್ಣು ಬಿಟ್ಟುಕೊಂಡು ಪ್ರಾರ್ಥಿಸುತ್ತಾ, ಮುಂದಿನ ವಿಮಾನ ಹಿಡಿದಳು.

ಇಳಿದ ಮೇಲೆ ಜೀಪಿನಲ್ಲಿ ಏಳು ಗಂಟೆ ಮಣ್ಣುರಸ್ತೆ. ದೇವರಾಯನದುರ್ಗದ ತಾಲೀಮು ಅಲ್ಲಿ ಯಾವ ಲೆಕ್ಕ? ಆಸ್ಪತ್ರೆಯ ಮುಂದೆ ಹೊಸ ಮಿಷನರಿಯನ್ನು ಬರಮಾಡಿಕೊಳ್ಳಲು ಊರಿನ ಹೆಂಗಸರೆಲ್ಲ ಸಾಲಾಗಿ ನಿಂತು ಹಾಡುತ್ತಿದ್ದರಂತೆ. ಹಿರಿಯ ಡಾಕ್ಟರು ಕೈ ಚಾಚಿದರಂತೆ. ದೊಡ್ಡಮ್ಮ ಜೀಪಿನಿಂದ ಇಳಿದವಳೇ ಅವರನ್ನು ದಾಟಿ ಓಡಿ, ಮಾವಿನ ಮರದ ಬುಡದಲ್ಲಿ ಬಗ್ಗಿದಳು. ಹಾಡು ನಿಂತುಹೋಯಿತು.

ಮರುದಿನ ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ಕೇಳಿ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ದೊಡ್ಡಮ್ಮ ನಗಲಿಲ್ಲ.

"ಮುಗೀತು, ವಾಪಸ್ ಕಳಿಸ್ತಾರೆ ಅಂದ್ಕೊಂಡೆ. ಅಷ್ಟರಲ್ಲಿ ಯಾರೋ ಹಿಂದಿನಿಂದ ಬಂದು ನನ್ನ ಹಣೆ ಗಟ್ಟಿಯಾಗಿ ಹಿಡ್ಕೊಂಡ್ರು ಕಣೋ. ಹಾಡ್ತಿದ್ದೋರಲ್ಲಿ ಒಬ್ಬಳು. ಮುಗಿಯೋವರ್ಗೂ ಬಿಡ್ಲಿಲ್ಲ. ತನ್ನ ಬಟ್ಟೇಲೇ ನನ್ನ ಬಾಯಿ ಒರೆಸಿದ್ಲು. ಮೂವತ್ತೈದು ವರ್ಷ ಎಷ್ಟೋ ಜನದ ಹಣೆ ಹಿಡಿದಿದೀನಿ. ಅವ್ವ ಹೋದ್ಮೇಲೆ ನನ್ನ ಹಣೆ ಯಾರೂ ಹಿಡಿದಿರ್ಲಿಲ್ಲ."

ಅಮ್ಮನ ನಗು ಎಲ್ಲಿ ಹೋಯಿತೋ! ಫೋನನ್ನು ತನ್ನ ಹತ್ತಿರ ಎಳೆದುಕೊಂಡು, "ಆ ಹೆಂಗಸಿನ ಹೆಸರೇನಕ್ಕ?" ಎಂದಳು.

"ಗೊತ್ತಿಲ್ಲ ಕಣೇ. ಅವಳ ಮಾತು ನಂಗೆ ಬರಲ್ಲ. ಹೆಸರು ಕೇಳೋದು ಹೇಗೆ ಅಂತ ಡ್ರೈವರ್ ಹತ್ರ ಕಲೀತಿದೀನಿ. ನಾಳೆ ಕೇಳ್ತೀನಿ."